ನೀಲಿ ಗುರುತಿನ ಚಿತ್ರಗಳು

ಗ್ರಂಥಪಾಲಕಿ ನಮ್ಮ ಮನೆಯ ಗಂಟೆ ಒತ್ತಿದಾಗ ನಾನು ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿ ಕೂತಿದ್ದೆ. ಮೂವತ್ತೊಂದು ವರ್ಷ ನೀರು ಸರಬರಾಜು ಕಚೇರಿಯಲ್ಲಿ ದುಡಿದವಳ ಮನೆಯಲ್ಲೇ ಪೈಪು ಸೋರುತ್ತದೆ ಎಂಬುದು ಬೀದಿಗೆಲ್ಲ ಗೊತ್ತಿರುವ ಹಳೆಯ ತಮಾಷೆ. ಕೈ ಒರೆಸಿಕೊಳ್ಳುತ್ತ ಬಾಗಿಲು ತೆರೆದೆ. ಆ ಹುಡುಗಿ ನನ್ನ ಒದ್ದೆ ತೋಳನ್ನು ನೋಡಿಯೂ ನೋಡದವಳಂತೆ, "ಅಮ್ಮ, ಐದೇ ನಿಮಿಷ" ಎಂದಳು.

ಗ್ರಂಥಾಲಯದ ಓದುವ ಕೋಣೆಗೆ ಹೊಸ ಬಣ್ಣ ಹೊಡೆಸಿದ್ದಾರಂತೆ. ಗೋಡೆಯ ಮೇಲೆ ಹಿಂದಿನವರು ಬಿಟ್ಟುಹೋದ ಹತ್ತು ಫ್ರೇಮುಗಳು ಖಾಲಿ ನೇತಾಡುತ್ತಿವೆಯಂತೆ.

"ನೀವು ಮನೆಮನೆಗೆ ಮೀಟರ್ ಓದೋಕೆ ಹೋದಾಗೆಲ್ಲ ಫೋಟೋ ತೆಗೀತಿದ್ರಂತೆ. ದರ್ಜಿ ಹೇಳಿದ್ರು. ಹತ್ತು ಕೊಡಿ ಅಮ್ಮ. ನಿಮಗೆ ತುಂಬ ಚೆನ್ನಾಗಿದೆ ಅನ್ಸಿದ್ದು. ಶುಕ್ರವಾರದೊಳಗೆ ಕೊಟ್ರೆ ಸ್ಕ್ಯಾನ್ ಮಾಡಿ, ಫ್ರೇಮಿನ ಅಳತೆಗೆ ದೊಡ್ಡದು ಮಾಡಿಸ್ತೀನಿ. ನಿಮ್ಮದು ನಿಮಗೇ ವಾಪಸ್. ಭಾನುವಾರ ಬಾಗಿಲು ತೆಗೀತೀವಿ."

ನನಗೆ ಆಗ ಎಪ್ಪತ್ತೆರಡು. ಬಿ.ಎಸ್ಸಿ. ಮುಗಿಸಿ ಮೀಟರ್ ಓದುವ ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ಚಿಕ್ಕಪ್ಪ ತಮ್ಮ ಹಳೆಯ ಕ್ಯಾಮೆರಾ ಕೊಟ್ಟಿದ್ದರು. ಅಂದಿನಿಂದ, ಬೀದಿಯ ಕೊನೆಯ ಸ್ಟುಡಿಯೋದವರು ರೀಲು ತೊಳೆಯುವುದನ್ನು ನಿಲ್ಲಿಸುವವರೆಗೆ, ಇಪ್ಪತ್ತಾರು ವರ್ಷ ಚಿತ್ರ ತೆಗೆದಿದ್ದೆ. ಒಂದು ದಿನವೂ ಯಾರೂ "ಎಲ್ಲಿ, ತೋರಿಸು" ಎಂದಿರಲಿಲ್ಲ. ಎರಡು ಬೀದಿ ಆಚೆ ಇರುವ ಮಗಳು ನನ್ನ ಶೂ ಡಬ್ಬಿಗಳ ಸಾಲನ್ನು ನೋಡಿ "ಅಮ್ಮನ ಚಪ್ಪಲಿ ಅಂಗಡಿ" ಎನ್ನುತ್ತಾಳೆ, ಅಷ್ಟೆ. ಈಗ ಒಬ್ಬರು ಮನೆಬಾಗಿಲಿಗೆ ಬಂದು ಹತ್ತು ಚಿತ್ರ ಕೇಳುತ್ತಿದ್ದಾರೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕುಣಿಯುವಷ್ಟು ಸಂತೋಷವಾಯಿತು. ಹತ್ತರಲ್ಲಿ ಒಂದು ಯಾವುದೆಂದು ನನಗೆ ಆ ಕ್ಷಣವೇ ಗೊತ್ತಿತ್ತು. ಅಕ್ಕ ಕಿಟಕಿಯ ಬಳಿ ಅಮ್ಮನ ತಲೆ ಬಾಚುತ್ತಿರುವ ಚಿತ್ರ. ಅಷ್ಟು ಚೆನ್ನಾದದ್ದನ್ನು ನಾನು ಅದಕ್ಕೆ ಮೊದಲೂ ತೆಗೆಯಲಿಲ್ಲ, ಆಮೇಲೂ ತೆಗೆಯಲಿಲ್ಲ. ಅದು ಗೋಡೆ ಏರಿದರೆ ಸಾಕು, ಮಿಕ್ಕ ಒಂಬತ್ತು ಯಾವುದಾದರೂ ಆಗಲಿ ಎನಿಸಿತು.

"ಆರಿಸೋದು ಕಷ್ಟ ಆಗುತ್ತೇನೋ" ಎಂದಳು ಹುಡುಗಿ.

"ಏನೂ ಕಷ್ಟ ಇಲ್ಲ. ಆರಿಸಿ ಇಟ್ಟೇ ಇದ್ದೀನಿ" ಎಂದೆ ಹೆಮ್ಮೆಯಿಂದ.

ನಿಜವಾಗಿಯೂ ಆರಿಸಿ ಇಟ್ಟಿದ್ದೆ. ಪ್ರತಿ ವರ್ಷದ ಕೊನೆಗೆ ಆ ವರ್ಷದ ಚಿತ್ರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು, ಮನಸ್ಸಿಗೆ ಒಪ್ಪಿದ ಹತ್ತು ಹನ್ನೆರಡನ್ನು ತೆಗೆದು, ಹಿಂಬದಿಯ ಮೂಲೆಯಲ್ಲಿ ನೀಲಿ ಪೆನ್ಸಿಲ್ಲಿನಿಂದ ಒಂದು ಗುರುತು ಹಾಕುತ್ತಿದ್ದೆ. ಹೆಸರು ಬರೆಯುತ್ತಿರಲಿಲ್ಲ. ಎಷ್ಟೋ ಜನರ ಹೆಸರು ನನಗೆ ಗೊತ್ತೇ ಇರಲಿಲ್ಲ. ಅವರ ಮನೆಯ ಮೀಟರ್ ನಂಬರು ಮಾತ್ರ ಬಾಯಿಪಾಠ. ಅದನ್ನೇ ಬರೆಯುತ್ತಿದ್ದೆ. ಗುರುತು ಹಾಕಿದವನ್ನು ಕಂದು ಲಕೋಟೆಗೆ ಹಾಕಿ, ಅದೇ ವರ್ಷದ ಡಬ್ಬಿಯಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲಿಸುತ್ತಿದ್ದೆ. ಆಮೇಲೆ ತೆಗೆದು ನೋಡುವ ಅಭ್ಯಾಸವಿರಲಿಲ್ಲ. ಒಳ್ಳೆಯದು ಒಳಗಿದೆ ಎಂಬ ನೆಮ್ಮದಿಯೇ ಸಾಕಾಗಿತ್ತು.

ಅವಳು ಹೋದದ್ದೇ ತಡ, ಕಪಾಟಿನಿಂದ ಮೊದಲ ಡಬ್ಬಿ ಇಳಿಸಿ ಲಕೋಟೆ ತೆಗೆದೆ. ಖಾಲಿ. ನೀಟಾಗಿ, ಸುಕ್ಕಿಲ್ಲದೆ, ಇಸ್ತ್ರಿ ಮಾಡಿದಂತೆ ಚಪ್ಪಟೆಯಾಗಿತ್ತು. ಎರಡನೆಯದೂ ಖಾಲಿ. ಮೂರನೆಯದೂ. ಇಪ್ಪತ್ತಾರು ಡಬ್ಬಿ, ಇಪ್ಪತ್ತಾರು ಲಕೋಟೆ, ಒಂದರಲ್ಲೂ ಒಂದು ಚಿತ್ರವಿಲ್ಲ. ಗುರುತಿಲ್ಲದ ಮಾಮೂಲು ಚಿತ್ರಗಳು ಮಾತ್ರ ಒತ್ತೊತ್ತಾಗಿ ನಿಂತಿದ್ದವು. ನೆಗೆಟಿವ್‌ಗಳ ಆಸೆ ಇರಲಿಲ್ಲ. ಅವು ಇದೇ ಸಿಂಕಿನ ಕೆಳಗಿನ ಚೀಲದಲ್ಲಿ ಎಂದೋ ನೀರು ಕುಡಿದು ಮುದ್ದೆಯಾಗಿದ್ದವು. ನೆಲದ ಮೇಲೆ ಕೂತುಬಿಟ್ಟೆ.

"ರೀ" ಎಂದೆ. "ರೀ, ಇಲ್ಲಿ ಬನ್ನಿ."

ಪತ್ರಿಕೆಯ ಹಿಂದಿನಿಂದ ಇವರು ಎದ್ದು ಬಂದರು. ನಮ್ಮೆಜಮಾನರು ಅಂಚೆ ಕಚೇರಿಯವರು. ಅಂದರೆ ಕಿಟಕಿಯಲ್ಲಿ ಕೂತು ಸ್ಟಾಂಪು ಕೊಡುವವರಲ್ಲ. ವಿಳಾಸ ಅಳಿಸಿಹೋದ, ತಪ್ಪಾದ, ಅರ್ಧಂಬರ್ಧ ಬರೆದ ಕಾಗದಗಳೆಲ್ಲ ಹೋಗಿ ಬೀಳುವ ಹಿಂದಿನ ಕೋಣೆಯಲ್ಲಿ ಮೂವತ್ನಾಲ್ಕು ವರ್ಷ ಕೂತು, ಅವುಗಳ ಒಡೆಯರನ್ನು ಹುಡುಕಿದವರು. 'ದೊಡ್ಡ ಮರದ ಹತ್ತಿರ ಇರುವ ನನ್ನ ಅತ್ತೆಗೆ' ಎಂದಷ್ಟೇ ಬರೆದಿದ್ದ ಲಕೋಟೆಯನ್ನು ಆ ಅತ್ತೆಯ ಕೈಗೇ ಮುಟ್ಟಿಸಿದ ಮನುಷ್ಯ.

"ಈ ಲಕೋಟೆಲಿದ್ದ ಫೋಟೋಗಳು ಎಲ್ಲಿ?"

ಇವರು ಲಕೋಟೆಯನ್ನೂ ನನ್ನನ್ನೂ ನೋಡಿದರು. ಗಾಬರಿಯಾಗಲಿಲ್ಲ. ಇನ್ನೂ ಸ್ವಲ್ಪ ನೆಟ್ಟಗೆ ನಿಂತರು.

"ಎಲ್ಲಾ ತಲುಪಿದೆ" ಎಂದರು.

"ತಲುಪಿದೆ ಅಂದ್ರೆ?"

"ಅಂದ್ರೆ ರವಾನೆ ಆಗಿದೆ. ಒಂದೂ ವಾಪಸ್ ಬಂದಿಲ್ಲ."

"ಯಾರು ಕಳಿಸೋಕೆ ಹೇಳಿದ್ರು?"

"ನೀನೇ ಅಲ್ವೇನೇ?" ಈಗ ಅವರಿಗೂ ಸ್ವಲ್ಪ ಅನುಮಾನ ಬಂತು. "ನೀಲಿ ಪೆನ್ಸಿಲ್ಲಲ್ಲಿ ಟಿಕ್ ಹಾಕಿ ಕಂದು ಲಕೋಟೆಲಿ ಇಟ್ಟಿದ್ದೆ."

ಆಗ ನನಗೆ ಅರ್ಥವಾಯಿತು. ನೀಲಿ ಪೆನ್ಸಿಲ್ಲಿನ ತುಂಡುಗಳು ಇವರ ಕಚೇರಿಯಿಂದಲೇ ಬರುತ್ತಿದ್ದವು. ಆ ಹಿಂದಿನ ಕೋಣೆಯಲ್ಲಿ ಕಾಗದದ ಮೂಲೆಗೆ ನೀಲಿ ಗುರುತು ಬಿತ್ತೆಂದರೆ ಒಂದೇ ಅರ್ಥ: ಒಡೆಯರು ಸಿಕ್ಕಿದ್ದಾರೆ, ಕಳುಹಿಸಿ. ನನ್ನ ಬಳಿ ಅದಕ್ಕೆ 'ಇದು ಚೆನ್ನಾಗಿದೆ' ಎಂಬ ಅರ್ಥ. ಇಬ್ಬರೂ ಒಂದೇ ಮೇಜಿನಲ್ಲಿ ಕಾಫಿ ಕುಡಿಯುತ್ತ, ಒಂದೇ ಪೆನ್ಸಿಲ್ ಹಿಡಿಯುತ್ತ, ಇಪ್ಪತ್ತಾರು ವರ್ಷ ಇದನ್ನು ಒಮ್ಮೆಯೂ ಮಾತಾಡಿರಲಿಲ್ಲ.

"ನಂಬರು ನೋಡಿ, ನಿನ್ನ ರೂಟ್ ಪುಸ್ತಕ ತೆಗೆದು ಅಡ್ರೆಸ್ ಹುಡುಕ್ತಿದ್ದೆ. ಕೆಲವರು ಮನೆ ಬದಲಾಯಿಸಿರೋರು. ಅವರನ್ನ ಹುಡುಕೋಕೆ ತಿಂಗಳು ಹಿಡೀತಿತ್ತು" ಎಂದರು, ಯಾರದೋ ಸಾಧನೆಯನ್ನು ಹೇಳುವಂತೆ. "ಹತ್ತಿರದವು ಸಂಜೆ ವಾಕಿಂಗಲ್ಲಿ ನಾನೇ ಕೊಟ್ಬರ್ತಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ತಲುಪದೇ ಇದ್ರೆ ಹೇಳಬೇಕು. ತಲುಪಿದ್ದನ್ನ ಏನಂತ ಹೇಳೋದು?"

ನಾನು ಮಧ್ಯಾಹ್ನದವರೆಗೆ ಉಭ ಶುಭ ಎನ್ನಲಿಲ್ಲ. ಇವರು ಎರಡು ಸಲ ಅಡುಗೆಮನೆಗೆ ಬಂದು ಹಿಂದಿರುಗಿದರು. ಮೂರನೆಯ ಸಲ ಸಿಂಕಿನ ಕೆಳಗೆ ತಾವೇ ತೂರಿ, ನಾನು ವಾರದಿಂದ ಗುದ್ದಾಡುತ್ತಿದ್ದ ನಟ್ಟನ್ನು ಬಿಗಿದು, ಎದ್ದು ಹೋದರು. ಎಷ್ಟು ಹೊತ್ತೆಂದು ಕೋಪ ಹಿಡಿದುಕೊಂಡಿರುವುದು? ಕಾಫಿ ಮಾಡಿ ಮೇಜಿಗೆ ತಂದಿಟ್ಟೆ. ಇವರು ಕಾಫಿಗೆ ಮೊದಲು ಒಂದು ಉದ್ದನೆಯ ಪುಸ್ತಕವನ್ನು ನನ್ನ ಮುಂದೆ ಇಟ್ಟರು. ಅವರು ರವಾನೆ ಪುಸ್ತಕ ಇಟ್ಟಿದ್ದರು! ತಾರೀಖು, ಮೀಟರ್ ನಂಬರು, ವಿಳಾಸ. ಮುನ್ನೂರ ಹನ್ನೊಂದು ಸಾಲು.

"ಹತ್ತು ಬೇಕು ತಾನೆ? ಇದರಲ್ಲಿ ಆರಿಸು. ಹೋಗಿ ಕೇಳಿ ತರೋಣ. ಸ್ಕ್ಯಾನ್ ಮಾಡಿ ವಾಪಸ್ ಕೊಟ್ರಾಯ್ತು."

"ಚಿತ್ರವೇ ಇಲ್ಲದೆ ಏನು ನೋಡಿ ಆರಿಸಲಿ?"

"ನಾನು ನಂಬರು ಓದ್ತೀನಿ. ನಿನಗೆ ಕಣ್ಮುಂದೆ ಬಂದ್ರೆ ಸರಿ. ಬರದೇ ಇದ್ರೆ ಅದು ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಲೆಕ್ಕ."

ಹೀಗೆ ನಾನು ಕಣ್ಣು ಮುಚ್ಚಿಕೊಂಡು ಚಿತ್ರ ಆರಿಸಲು ಕೂತೆ. ಇವರು ಓದುತ್ತ ಹೋದರು. ಎಷ್ಟೋ ನಂಬರುಗಳಿಗೆ ಬರೀ ಮೀಟರಿನ ಮುಖವೇ ನೆನಪಿಗೆ ಬಂತು: ತುಕ್ಕು ಹಿಡಿದ ಮುಚ್ಚಳ, ಗಾಜಿನ ಒಳಗೆ ಸಿಕ್ಕಿಕೊಂಡ ಇರುವೆ. ಒಂದು ವರ್ಷ ಪೂರ್ತಿ ಬೆಕ್ಕುಗಳನ್ನೇ ತೆಗೆದಿದ್ದೆನೆಂದು ನೆನಪಾಗಿ ನನಗೇ ನಗು ಬಂತು.

"ಬೆಕ್ಕಿನ ಫೋಟೋನೂ ತಲುಪಿಸಿದ್ರಾ?"

"ಬೆಕ್ಕಿರೋ ಮನೆಗೆ" ಎಂದರು ಇವರು ತಲೆಯೆತ್ತದೆ.

ಆದರೆ ಕೆಲವು ನಂಬರು ಹೇಳಿದ ಕೂಡಲೇ ಚಿತ್ರ ಎದ್ದು ನಿಲ್ಲುತ್ತಿತ್ತು. ದರ್ಜಿ ಹಲ್ಲಿನಲ್ಲಿ ದಾರ ಕಚ್ಚಿ ಹಿಡಿದದ್ದು. ಬೀದಿದೀಪ ರಿಪೇರಿ ಮಾಡುತ್ತಿದ್ದ, ಎಲ್ಲರೂ 'ಏಣಿ' ಎಂದೇ ಕರೆಯುತ್ತಿದ್ದ ಉದ್ದನೆಯ ಮನುಷ್ಯ ತನ್ನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಲ್ಬು ಹಾಕಿಸುತ್ತಿದ್ದದ್ದು. ಇಸ್ತ್ರಿ ಅಂಗಡಿಯಾಕೆ ಗಂಡನ ಅಂಗಿಯನ್ನು ಕೋಪದಿಂದ ಒತ್ತುತ್ತಿದ್ದದ್ದು. ಒಂಬತ್ತು ಹೀಗೆ ಸಿಕ್ಕವು. ಹತ್ತನೆಯದಕ್ಕಾಗಿ ನಾನು ಕಾಯುತ್ತಲೇ ಇದ್ದೆ, ಆದರೆ ಕೇಳಲು ಧೈರ್ಯವಿರಲಿಲ್ಲ. ಅದರ ಹಿಂದೆ ನಾನು ಮೀಟರ್ ನಂಬರು ಬರೆದಿರಲಿಲ್ಲ. ಏನನ್ನೂ ಬರೆದಿರಲಿಲ್ಲ.

ಇವರು ಒಂದು ಸಾಲಿನಲ್ಲಿ ನಿಂತರು. "ಇದಕ್ಕೆ ನಂಬರಿಲ್ಲ. 'ನಾದಿನಿ' ಅಂತ ಬರೆದಿದ್ದೀನಿ." ನನ್ನ ಅಕ್ಕ ಇವರಿಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಅವಳನ್ನು ನಾದಿನಿ ಎಂದೇ ಕರೆದು ಇವರು ರೇಗಿಸುವುದುಂಟು.

ನಾನು ತಾರೀಖು ನೋಡಿದೆ. ಬೆರಳಿಟ್ಟು ಮತ್ತೊಮ್ಮೆ ಓದಿದೆ.

ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಅಮ್ಮ ಹಾಸಿಗೆ ಹಿಡಿದ ವರ್ಷ ಅಕ್ಕನ ಮನೆಯಲ್ಲಿದ್ದಳು. ಅಕ್ಕ ಶಾಲೆಯಲ್ಲಿ ಗಣಿತದ ಟೀಚರ್. ಪಾಠ ಮುಗಿಸಿ ಬಂದು, ಅಮ್ಮನನ್ನು ಎತ್ತಿ, ತೊಳೆದು, ಉಣಿಸಿ, ಮಲಗಿಸುತ್ತಿದ್ದಳು. ನಾನು ಭಾನುವಾರ ಭಾನುವಾರ ಹೋಗುತ್ತಿದ್ದೆ, ಹೆಗಲಲ್ಲಿ ಕ್ಯಾಮೆರಾ ಇರುತ್ತಿತ್ತು. ಒಂದು ಭಾನುವಾರ ನಾನು ಚಿತ್ರ ತೆಗೆಯುತ್ತಿದ್ದಾಗ ಅಮ್ಮ ಕುರ್ಚಿಯಿಂದ ಜಾರಿದಳು. ಅಕ್ಕ ಓಡಿ ಬಂದು ಹಿಡಿದಳು. ಹಿಡಿದುಕೊಂಡೇ ನನ್ನತ್ತ ತಿರುಗಿ, "ನೀನು ನೋಡೋಕೆ ಬರ್ತೀಯ. ಎತ್ತೋಳು ನಾನು" ಎಂದಳು. ಎರಡು ತಿಂಗಳಿಗೆ ಅಮ್ಮ ತೀರಿಕೊಂಡಳು. ಆ ಮಾತು ತೀರಲಿಲ್ಲ. ನಾವಿಬ್ಬರೂ ಏಳು ವರ್ಷ ಮಾತಾಡಲಿಲ್ಲ.

ಆ ವರ್ಷದ ಡಬ್ಬಿಯನ್ನೂ ನಾನು ಏಳು ವರ್ಷ ಮುಟ್ಟಲಿಲ್ಲ. ಕೊನೆಗೊಂದು ದಿನ ತೆರೆದು ಕೂತೆ. ಅಮ್ಮನ ತಲೆ ಬಾಚುವ ಚಿತ್ರವನ್ನು ಬಹಳ ಹೊತ್ತು ನೋಡಿ, ನೀಲಿ ಗುರುತು ಹಾಕಿ, ಲಕೋಟೆಗೆ ಸೇರಿಸಿದೆ. ಅದಾಗಿ ಹತ್ತು ದಿನಕ್ಕೆ, ಏನೂ ಆಗಿಯೇ ಇಲ್ಲ ಎಂಬಂತೆ, ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಒಂದು ದೊಡ್ಡ ಕುಂಬಳಕಾಯಿ. "ಇದನ್ನ ಕುಯ್ಯೋ ಅಂಥ ಚಾಕು ನಿಮ್ಮನೇಲಿದ್ಯಾ?" ಎಂದು ಕೇಳಿದಳು. ನಾನು ಚಾಕು ತಂದೆ. ಅಷ್ಟೇ. ಅದರ ಬಗ್ಗೆ ಇಬ್ಬರೂ ಇಂದಿನವರೆಗೆ ಬಾಯಿ ಬಿಟ್ಟಿಲ್ಲ. ಮೂಗಿನ ತುದಿಯಲ್ಲೇ ಕೋಪವಿರುವ ನನ್ನ ಅಕ್ಕ ತಾನಾಗಿ ಸೋತು ಬಂದಳಲ್ಲ ಎಂದು, ಆಮೇಲೆ ಅವಳು ಏನು ರೇಗಿದರೂ ನಾನು ತಾಳಿಕೊಂಡಿದ್ದೇನೆ.

ರವಾನೆ ಪುಸ್ತಕದಲ್ಲಿದ್ದ ತಾರೀಖು ನಾನು ಗುರುತು ಹಾಕಿದ ಮರುದಿನದ್ದು.

"ನಾವಿಬ್ಬರು ಮಾತಾಡ್ತಿರಲಿಲ್ಲ ಅಂತ ನಿಮಗೆ ಗೊತ್ತಿತ್ತಲ್ರೀ."

"ಗೊತ್ತಿಲ್ದೆ ಏನು?" ಇವರು ಕನ್ನಡಕ ಒರೆಸಿಕೊಂಡರು. "ಅಡ್ರೆಸ್ ಗೊತ್ತಿದ್ದ ಮೇಲೆ ಕಾಗದನ ಇಟ್ಕೊಳ್ಳೋ ಹಾಗಿಲ್ಲ. ಅದು ನಿಯಮ."

"ಲಕೋಟೆ ಮೇಲೆ ಕಳಿಸಿದವರು ಅಂತ ಯಾರ ಹೆಸರು ಹಾಕಿದ್ರಿ?"

"ನಿಂದೇ. ಅದೂ ನಿಯಮ."

ಮಾರನೆಯ ದಿನದಿಂದ ನಾವು ಹೊರಟೆವು. ದರ್ಜಿಯ ಅಂಗಡಿಯಲ್ಲಿ ನಾನು ತೆಗೆದ ಚಿತ್ರ ಬಟ್ಟೆ ಕತ್ತರಿಸುವ ಮೇಜಿನ ಗಾಜಿನ ಕೆಳಗಿತ್ತು. ನಾನು ಎಷ್ಟು ವರ್ಷದಿಂದ ಆ ಮೇಜಿನ ಮೇಲೆ ಬಟ್ಟೆ ಹರಡಿ, ಅದನ್ನು ಮುಚ್ಚಿ, ನಿಂತು ಮಾತಾಡಿದ್ದೇನೋ!

"ಚೆನ್ನಾಗಿ ಬಂದಿದೆ ಅಂತ ಅವತ್ತೇ ಹೇಳಿದ್ನಲ್ಲಮ್ಮ" ಎಂದರು ದರ್ಜಿ.

"ನಾನು ನನ್ನ ಕೋಟಿನ ವಿಷಯ ಅಂದ್ಕೊಂಡಿದ್ದೆ."

"ನಿಮ್ಮ ಕೋಟು ಅಷ್ಟೇನೂ ಚೆನ್ನಾಗಿ ಬಂದಿರಲಿಲ್ಲ" ಎಂದು ಅವರು ನಕ್ಕರು. ನನ್ನ ಬಟ್ಟೆಯನ್ನು ಅವರು ಎಂದೂ ನಾಳೆ ಬಾ ಎನ್ನದೆ ನಿಂತ ನಿಲುವಿನಲ್ಲೇ ಹೊಲಿದುಕೊಟ್ಟಿದ್ದಾರೆ. ಎಲ್ಲರಿಗೂ ಹಾಗೇ ಎಂದುಕೊಂಡಿದ್ದೆ.

ಇಸ್ತ್ರಿ ಅಂಗಡಿಯಾಕೆ ತನ್ನದನ್ನು ಬಟ್ಟೆಯ ಗಂಟುಗಳ ಹಿಂದಿನ ಗೋಡೆಯಿಂದ ಬಿಡಿಸಿ ತಂದಳು. ಚಿತ್ರ ಅರ್ಧಕ್ಕೆ ಕತ್ತರಿಸಿಹೋಗಿತ್ತು.

"ಇನ್ನರ್ಧ ಎಲ್ಲಮ್ಮ? ಹಿಂದೆ ನಿಮ್ಮ ಯಜಮಾನರು ಕೂತಿದ್ರಲ್ಲ."

"ಅವನನ್ನ ಅವತ್ತೇ ಕತ್ತರಿಸಿ ಬಿಸಾಕ್ದೆ. ಒಂದು ವಾರ ಆದ್ಮೇಲೆ ರಾಜಿ ಆದ್ವಿ. ಆದ್ರೆ ಅಂಟಿಸೋಕೆ ತುಂಡು ಸಿಗ್ಲಿಲ್ಲ." ಒಳಗಿನಿಂದ ಗಂಡನ ದನಿ ಕೇಳಿಸಿತು: "ಹೇಳು, ಹೇಳು, ಎಲ್ಲರಿಗೂ ಹೇಳು."

ನಾನು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದೆ. ಸುಳ್ಳು ಹೇಳಬಾರದು, ಆತನಿಲ್ಲದೆ ಚಿತ್ರ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಏಣಿ ತೀರಿಕೊಂಡು ಆರು ವರ್ಷ. ಅವರ ಹೆಂಡತಿ ಚಿತ್ರವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ತಂದು ಇವರ ಕೈಗೆ ಕೊಟ್ಟಳು, ನನ್ನ ಕೈಗಲ್ಲ. "ನೀವೇ ಅಲ್ವಾ ತಂದುಕೊಟ್ಟಿದ್ದು? ಮೂರು ಸಲ ಬಂದಿದ್ರಿ. ನಾವು ಮನೆ ಬದಲಾಯಿಸಿದ್ವಿ, ಹುಡುಕಿಕೊಂಡು ಬಂದಿದ್ರಿ." ಆಮೇಲೆ ನನಗೆ ಹೇಳಿದಳು: "ಅವರು ಯಾವಾಗಲೂ ಮೇಲೇ ಇರೋರಮ್ಮ, ಏಣಿ ಮೇಲೆ. ಮುಖ ಕಾಣೋ ಹಾಗೆ ಇರೋದು ಇದೊಂದೇ." ಇವರು ಅದನ್ನು ಎದೆಗೊತ್ತಿ ಹಿಡಿದುಕೊಂಡು, ನಾಳೆಯೇ ವಾಪಸ್ ತಂದುಕೊಡುತ್ತೇನೆ ಎಂದು ಎರಡೆರಡು ಸಲ ಹೇಳಿದರು. ಬೀದಿಗೆ ಬಂದ ಮೇಲೆ ನಾನು ಇವರ ತೋಳು ಹಿಡಿದು ನಡೆದೆ. ಮೊದಲ ದಿನದ ಕೋಪ ಆಗಲೇ ಯಾವ ಮೂಲೆಯಲ್ಲಿ ಬಿದ್ದುಹೋಗಿತ್ತೋ.

ಗುರುವಾರ ಸಂಜೆಗೆ ಒಂಬತ್ತೂ ಗ್ರಂಥಾಲಯ ಸೇರಿದವು. ಹತ್ತನೆಯದಕ್ಕಾಗಿ ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆವು.

ವಿಷಯ ಕೇಳಿ ಅಕ್ಕ ಎದ್ದು, ಬೀರುವಿನ ಬಾಗಿಲು ತೆರೆದಳು. ಬಾಗಿಲಿನ ಒಳಬದಿಗೆ, ಅವಳು ನಿಂತರೆ ಸರಿಯಾಗಿ ಕಣ್ಣಿನ ಎತ್ತರಕ್ಕೆ, ನನ್ನ ಚಿತ್ರವಿತ್ತು. ನಾಲ್ಕು ಮೂಲೆಗೂ ಟೇಪು ಅಂಟಿಸಿದ್ದಳು, ಅಳತೆಪಟ್ಟಿ ಇಟ್ಟು ಕತ್ತರಿಸಿದ ಟೇಪು. ಎಷ್ಟೋ ವರ್ಷದ ನಂತರ ಅದನ್ನು ನೋಡಿದೆ. ಕಿಟಕಿಯ ಬೆಳಕು ಅಮ್ಮನ ತೆಳ್ಳಗಿನ ಬಿಳಿ ಕೂದಲಲ್ಲಿ ಹರಡಿತ್ತು. ಅಮ್ಮ ಕಣ್ಣು ಮುಚ್ಚಿದ್ದಳು. ಅಕ್ಕ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ನಗುತ್ತಿದ್ದಳು. ನೆನಪಿನಲ್ಲಿದ್ದದ್ದಕ್ಕಿಂತ ಚೆನ್ನಾಗಿತ್ತು.

"ಇದು ಬಂದ ದಿನ ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ" ಎಂದಳು ಅಕ್ಕ. "ಒಂದು ಸಾಲು ಕಾಗದವಿಲ್ಲ, ಏನಿಲ್ಲ. ಫೋಟೋ ಮಾತ್ರ. ಎಂಟು ದಿನ ಯೋಚನೆ ಮಾಡಿದೆ ಕಣೇ. ಚಿಕ್ಕವಳು ನೀನೇ ಮೊದಲು ಬಗ್ಗಿದ ಮೇಲೆ ದೊಡ್ಡವಳು ನಾನು ಬಿಗಿದುಕೊಂಡು ಕೂರೋದಾ? ಅದಕ್ಕೆ ಕುಂಬಳಕಾಯಿ ಹೊತ್ಕೊಂಡು ಬಂದೆ."

ಇವರು ಕಾಫಿ ಲೋಟದ ತಳದಲ್ಲಿ ಏನೋ ಹುಡುಕುವವರಂತೆ ಕೂತಿದ್ದರು. ನಾನು ಕಳಿಸಲಿಲ್ಲ, ನನಗೆ ಮೊನ್ನೆಯವರೆಗೆ ಗೊತ್ತೇ ಇರಲಿಲ್ಲ, ನೀನೇ ಮೊದಲು ಸೋತೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ: ಇಷ್ಟೂ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಮುಖ ನೋಡಿದೆ. ಅಷ್ಟು ವರ್ಷ ಆ ಬೀರು ತೆರೆದಾಗಲೆಲ್ಲ ಅವಳು ನೋಡಿದ್ದು ಅಮ್ಮನನ್ನು ಮಾತ್ರವಲ್ಲ, ತಂಗಿ ಕಳಿಸಿದ ಚಿತ್ರವನ್ನು.

"ಹೂಂ ಅಕ್ಕ" ಎಂದೆ. ಸುಳ್ಳು ಹೇಳಿದೆ ಎಂದು ಈಗಲೂ ಅನ್ನಿಸುವುದಿಲ್ಲ. ಗುರುತು ಹಾಕಿದವಳಂತೂ ನಾನೇ.

"ಅದಿರಲಿ. ಇದನ್ನ ಗೋಡೆಗೆ ಹಾಕ್ತಾರಾ?"

"ದೊಡ್ಡದು ಮಾಡಿ. ಓದೋ ಕೋಣೇಲಿ."

ಅಕ್ಕ ಬೀರುವಿನ ಬಾಗಿಲಿಗೆ ಕೈ ಊರಿದಳು. "ಬೇಡ ಕಣೇ."

"ಒಂದು ಗಂಟೆ ಸಾಕು, ವಾಪಸ್ ತಂದುಕೊಡ್ತೀನಿ."

"ಫೋಟೋ ಹೋಗುತ್ತೆ ಅಂತಲ್ಲ. ಅಮ್ಮ ಕೂದಲು ಉದುರಿದ್ಮೇಲೆ ಕನ್ನಡೀನೂ ನೋಡ್ತಿರಲಿಲ್ಲ. ಪಕ್ಕದ ಮನೆಯೋರು ಬಂದ್ರೆ ತಲೆಗೆ ಬಟ್ಟೆ ಎಳ್ಕೊಳ್ಳೋಳು. ನಿನ್ನ ಮುಂದೆ ಎಳ್ಕೊಳ್ಳಲಿಲ್ಲ, ನೀನು ಮಗಳು. ಊರೆಲ್ಲ ಮಗಳಾಗುತ್ತಾ?"

ನನ್ನ ಜೀವಮಾನದ ಒಂದೇ ಒಂದು ಒಳ್ಳೆಯ ಚಿತ್ರ ಎಂದು ಹೇಳಬಹುದಿತ್ತು. ಹೇಳಿದ್ದರೆ ಅಕ್ಕ ಕೊಟ್ಟೇ ಬಿಡುತ್ತಿದ್ದಳು ಎಂಬುದೂ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ಎದ್ದು ಬೀರುವಿನ ಬಾಗಿಲನ್ನು ನಾನೇ ಮೆಲ್ಲಗೆ ಮುಚ್ಚಿದೆ. "ಸರಿ ಅಕ್ಕ. ಇಲ್ಲೇ ಇರಲಿ" ಎಂದೆ. ಸ್ವಲ್ಪ ನೋವಾಯಿತು, ಇಲ್ಲವೆನ್ನಲಾರೆ.

ಊಟ ಮಾಡಿಸಿಯೇ ಬಿಟ್ಟಳು. ಹೊರಡುವಾಗ ಮೆಟ್ಟಿಲವರೆಗೆ ಬಂದವಳು ಇದ್ದಕ್ಕಿದ್ದಂತೆ ಕೇಳಿದಳು: "ತಲೆ ಬಾಚಿದ ಆ ದಿನ ನಾನೂ ಒಂದು ತೆಗೆದಿದ್ನಲ್ಲ, ಅದೆಲ್ಲೇ?"

"ನೀನಾ?"

"ಮರೆತ್ಯಾ? 'ಬರೀ ನೀನೇ ತೆಗೀತೀಯ, ಕೊಡಿಲ್ಲಿ' ಅಂತ ಕ್ಯಾಮೆರಾ ಕಿತ್ಕೊಂಡೆ. ನೀನು ಬಕೆಟ್ ಇಟ್ಕೊಂಡು ಅಮ್ಮನ ಕಾಲು ತೊಳೀತಿದ್ದೆ. ಅಮ್ಮ ನಿನ್ನ ಮುಖಕ್ಕೆ ನೀರು ಎರಚಿದಳು."

ಮಂಜು ಮಂಜಾಗಿ ನೆನಪಾಯಿತು. "ಅದರಲ್ಲಿ ಏನೂ ಸರಿಯಾಗಿ ಬಂದಿರಲಿಲ್ಲ ಕಣೇ. ಪಾದ ಮಾತ್ರ ಇರಬೇಕು, ಅಮ್ಮನ ಮುಖಾನೇ ಇಲ್ಲ."

"ಅದಕ್ಕೇ ಹೇಳ್ತಿರೋದು. ಅದನ್ನ ಹಾಕು." ಅಕ್ಕ ಮೆಟ್ಟಿಲ ಕಂಬಿಯನ್ನು ನೋಡುತ್ತ ಮುಂದುವರಿಸಿದಳು, ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ಮಾತಾಡುವ ಹಾಗೆ. "ಆಮೇಲೆ ನಾನೊಂದು ಮಾತಂದೆ ನಿನಗೆ. ನೋಡೋಕೆ ಬರ್ತೀಯ ಅಂತ. ನಾನೇ ಕೈಯಾರೆ ತೆಗೆದ ಫೋಟೋಲಿ ನೀನು ಕೂತು ಕಾಲು ತೊಳೀತಿದ್ದೆ. ಉತ್ತರ ಗೊತ್ತಿದ್ದೂ ತಪ್ಪು ಬರೆದ ಹಾಗಾಯ್ತು."

"ಹೋಗ್ಲಿ ಬಿಡಕ್ಕ."

"ಬಿಡೋದೇನು. ಬಸ್ಸು ಹೋಗುತ್ತೆ, ನಡೀರಿ" ಎಂದು ಅವಳೇ ನಮ್ಮನ್ನು ಗದರಿದಳು.

ಮನೆಗೆ ಬಂದು ಆ ವರ್ಷದ ಡಬ್ಬಿಯ ಗುರುತಿಲ್ಲದ ಚಿತ್ರಗಳಲ್ಲಿ ಹುಡುಕಿದೆ. ಇವರೂ ಪಕ್ಕದಲ್ಲಿ ಕೂತು, ಒಂದೊಂದನ್ನೇ ಅಂಚೆಯವರ ಕೈಚಳಕದಲ್ಲಿ ಸರಿಸುತ್ತ ಹೋದರು. ಹಿಂದಿನಿಂದ ನಾಲ್ಕನೆಯದು. ಚಿತ್ರ ಅಲುಗಾಡಿತ್ತು. ಅರ್ಧ ಬಕೆಟ್ಟು, ಒಂದು ಸೀರೆಯಂಚು, ಅಮ್ಮನ ಎರಡು ಪಾದ, ಅದನ್ನು ಹಿಡಿದ ನನ್ನ ಕೈಗಳು, ಮತ್ತು ನೀರು ಬಿದ್ದು ಕಣ್ಣು ಮುಚ್ಚಿ ನಗುತ್ತಿರುವ ನನ್ನ ಅರ್ಧ ಮುಖ. ಬೇರೆ ಯಾರು ತೆಗೆದಿದ್ದರೂ ನಾನು ಎರಡನೇ ಸಲ ನೋಡುತ್ತಿರಲಿಲ್ಲ. ಅಂದು ನೋಡಿಯೂ ಇರಲಿಲ್ಲ.

ಪೆನ್ಸಿಲ್ ಡಬ್ಬಿಯಲ್ಲಿ ಹೆಬ್ಬೆರಳಷ್ಟು ನೀಲಿ ತುಂಡು ಇನ್ನೂ ಉಳಿದಿತ್ತು. ಚಿತ್ರದ ಹಿಂದೆ ಗುರುತು ಹಾಕಿ ಇವರ ಮುಂದೆ ಇಟ್ಟೆ.

"ಅಡ್ರೆಸ್?" ಎಂದರು ಇವರು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

"ಗ್ರಂಥಾಲಯ, ಓದುವ ಕೋಣೆ, ಹತ್ತನೇ ಫ್ರೇಮು."

ರವಾನೆ ಪುಸ್ತಕ ತೆಗೆದು ಮುನ್ನೂರ ಹನ್ನೆರಡನೆಯ ಸಾಲು ಬರೆದರು. ಷರಟು ಬದಲಾಯಿಸಿ, ತಲೆ ಬಾಚಿಕೊಂಡು, ಬಾಗಿಲು ಮುಚ್ಚುವ ಮುಂಚೆ ತಲುಪಿಸಿ ಬಂದರು.

ಭಾನುವಾರ ಓದುವ ಕೋಣೆಯಲ್ಲಿ ಓದುವವರು ಯಾರೂ ಇರಲಿಲ್ಲ, ಎಲ್ಲರೂ ಗೋಡೆ ನೋಡುತ್ತಿದ್ದರು. ದರ್ಜಿ ತಮ್ಮ ಚಿತ್ರದ ಪಕ್ಕದಲ್ಲಿ ಅದೇ ಭಂಗಿಯಲ್ಲಿ ನಿಂತು ಮೊಮ್ಮಕ್ಕಳನ್ನು ನಗಿಸುತ್ತಿದ್ದರು. ಇಸ್ತ್ರಿ ಅಂಗಡಿಯಾಕೆಯ ಗಂಡ ಫ್ರೇಮಿನ ಎಡಗಡೆ, ತಾನು ಇರಬೇಕಾಗಿದ್ದ ಜಾಗದ ಪಕ್ಕದಲ್ಲೇ, ಗೋಡೆಗೆ ಒರಗಿ ನಿಂತಿದ್ದ. "ಈಗ ಪೂರ್ತಿ ಆಯ್ತು ನೋಡಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಏಣಿಯ ಹೆಂಡತಿ ಬಂದು ದೊಡ್ಡದಾದ ಗಂಡನ ಮುಖವನ್ನು ನೋಡಿ, ನನ್ನ ಕೈ ಅದುಮಿ ಹೋದಳು. ಕೊಟ್ಟ ಮಾತಿನಂತೆ ಅವಳ ಚಿತ್ರವನ್ನು ಇವರು ಶುಕ್ರವಾರವೇ ಮುಟ್ಟಿಸಿದ್ದರು. ಮೆತ್ತನೆಯ ಬಟ್ಟೆಯನ್ನೂ ಮರೆತಿರಲಿಲ್ಲ.

ಅಕ್ಕ ನೇರವಾಗಿ ಹತ್ತನೆಯದರ ಮುಂದೆ ಹೋಗಿ ನಿಂತಳು. ಕೆಳಗಿನ ಚೀಟಿಯಲ್ಲಿ ಗ್ರಂಥಪಾಲಕಿ 'ಇದನ್ನು ತೆಗೆದವರು: ಅಕ್ಕ' ಎಂದು ಬರೆದಿದ್ದಳು. ಅಕ್ಕ ಅದನ್ನು ಬಗ್ಗಿ ಓದಿದಳು.

"ಇದು ಯಾಕೋ ಅಲುಗಾಡಿದೆ" ಎಂದಳು ಪಕ್ಕಕ್ಕೆ ಬಂದ ಇಸ್ತ್ರಿ ಅಂಗಡಿಯಾಕೆ. "ತೆಗೆದೋರಿಗೆ ಕೈ ನಡುಗ್ತಿತ್ತಾ?"

"ನಡುಗೋಕೇನು? ನಗ್ತಿದ್ದೆ" ಎಂದಳು ಅಕ್ಕ ಬಿಗಿಯಾಗಿ. "ಮೂರು ಜನಾನೂ ನಗ್ತಿದ್ವಿ."

ಆಮೇಲೆ ನನ್ನತ್ತ ತಿರುಗಿ, ಗೋಡೆಯ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದಳು. ಅವಳು ಅಂಕ ಹಾಕುವ ರೀತಿ ನನಗೆ ಚಿಕ್ಕಂದಿನಿಂದ ಗೊತ್ತು.

"ನಿನ್ನವು ಪರವಾಗಿಲ್ಲ. ಹತ್ತಕ್ಕೆ ಏಳು."

"ನಿಂದು?"

"ನಂದು ನಾನೇ ಹೇಳಬಾರದು" ಎಂದಳು. ಆದರೆ ಅಲ್ಲಿಂದ ಕದಲಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಮಂಡಿ ನೋಯತೊಡಗಿದ್ದು ನನಗೆ ಕಾಣಿಸಿತು. ನನಗಿಂತ ಮೊದಲು ಗ್ರಂಥಪಾಲಕಿಗೆ ಕಂಡಿತ್ತು. ಆ ಹುಡುಗಿ ಒಂದು ಕುರ್ಚಿ ತಂದು ಹತ್ತನೆಯ ಚಿತ್ರದ ಎದುರಿಗೆ ಇಟ್ಟು ಹೋದಳು. ಅಕ್ಕ, ಅದು ತನಗಾಗಿಯೇ ಮೊದಲಿನಿಂದ ಅಲ್ಲಿತ್ತು ಎಂಬಂತೆ ಕೂತಳು. ಬಾಗಿಲು ಮುಚ್ಚುವವರೆಗೆ ಕೂತೇ ಇದ್ದಳು. ಯಾರೇ ಬಂದು ಆ ಚಿತ್ರದ ಮುಂದೆ ನಿಂತರೂ ಕೈ ತೋರಿಸಿ ಹೇಳುತ್ತಿದ್ದಳು: "ಕಾಲು ತೊಳೀತಿದ್ದಾಳಲ್ಲ, ಅವಳು ನನ್ನ ತಂಗಿ."